ಹದಿಹರೆಯದ ಮಕ್ಕಳಿಗೆ ಶರೀರದ ತಿಳಿವಳಿಕೆ: ಹೇಳುವವರು ಯಾರು?

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳು ಮೊಬೈಲ್ ತರುತ್ತಿದ್ದಾರೆಯೇ ಎಂದು ನೋಡಲು ಬ್ಯಾಗ್ ತಪಾಸಣೆ ನಡೆಸಲಾಯಿತು. 8, 9, 10ನೇ ತರಗತಿಯ ಕೆಲವು ಮಕ್ಕಳ ಬ್ಯಾಗ್‌ಗಳಲ್ಲಿ ಫೋನಿನ ಜೊತೆ ಸಿಗರೇಟ್, ಕಾಂಡೋಮ್, ಗರ್ಭನಿರೋಧಕ ಮಾತ್ರೆಗಳೂ ಸಿಕ್ಕಿದವು. ಕೆಲವು ಶಾಲೆಗಳು ಹೆತ್ತವರನ್ನು ಕರೆಸಿ, ಮಕ್ಕಳನ್ನು ಆಪ್ತಸಮಾಲೋಚಕರ ಬಳಿ ಕರೆದೊಯ್ಯಲು ಸಲಹೆ ನೀಡಿದವು. ಅದು ವಿವೇಕದ ಕ್ರಮವೇ. ಆದರೆ ಆ ಮಕ್ಕಳಿಗೆ ಅಲ್ಲಿಯವರೆಗೆ ಶರೀರದ ಬಗ್ಗೆ ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಲಿಲ್ಲ.

ಇದು ದೂರದ ಊರಿನ ಸುದ್ದಿ ಎಂದು ಕರಾವಳಿಯ ನಾವು ಬದಿಗಿಡುವಂತಿಲ್ಲ. ಉದ್ಯೋಗಕ್ಕಾಗಿ ಹೋಗಿ ಇಂದಿರಾನಗರ, ಕೆ.ಆರ್. ಪುರಂ ಕಡೆ ನೆಲೆಸಿದ ಕುಟುಂಬಗಳು ನಮ್ಮಲ್ಲೂ ಇವೆ. ಊರಿನ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ನಾಲ್ಕು ಮಾತು ಹೇಳುತ್ತಿದ್ದರು. ತಂದೆತಾಯಿ ಇಬ್ಬರೂ ದುಡಿಯುವ ಫ್ಲಾಟಿನಲ್ಲಿ ಆ ನಾಲ್ಕು ಮಾತಿಗೂ ಜನವಿಲ್ಲ. ಹುಡುಗನಿಗಂತೂ ಊರಿನಲ್ಲೂ ಯಾರೂ ಹೇಳಿದ್ದಿಲ್ಲ.

ಶಿವಾಜಿನಗರ, ಹಲಸೂರಿನಂಥ ಹಳೆಯ ಕಂಟೋನ್ಮೆಂಟ್ ಬೀದಿಗಳಲ್ಲಿ ಇನ್ನೊಂದು ತೊಡಕಿದೆ. ಮಗು ಮನೆಯಲ್ಲಿ ತಮಿಳೋ ಉರ್ದುವೋ ಕೊಂಕಣಿಯೋ ಆಡುತ್ತದೆ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ದೇಹದ ಗುಪ್ತ ಭಾಗಗಳಿಗೆ ಈ ಯಾವ ಭಾಷೆಯಲ್ಲೂ ಮನೆಯವರ ಬಾಯಲ್ಲಿ ಮರ್ಯಾದೆಯ ಪದ ಕೇಳಿರುವುದಿಲ್ಲ. ಕೇಳಿರುವುದು ಬೈಗುಳ ಮಾತ್ರ. ಹುಡುಗಿ ಮೈನೆರೆದರೆ ಅರಿಶಿನದ ನೀರು, ಹೊಸ ಸೀರೆ, ಬಂಧುಗಳಿಗೆ ಊಟ ಎಂದು ಶಾಸ್ತ್ರ ಮಾಡುವ ಮನೆಗಳು ಅಲ್ಲಿ ಇವತ್ತಿಗೂ ಇವೆ. ಊರಿಗೆಲ್ಲ ತಿಳಿಸುತ್ತಾರೆ, ಆದರೆ ಆಗಿರುವುದು ಏನೆಂದು ಆ ಹುಡುಗಿಗೆ ವಿವರಿಸುವವರು ಎಷ್ಟು ಮಂದಿ?

ವಿವರಿಸಬೇಕಾದ್ದು ಬಹಳವೇನಿಲ್ಲ. ಹುಡುಗಿಯರಲ್ಲಿ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಮೊದಲ ಒಂದೆರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಹಜ. ಆದರೆ ಏಳು ದಿನ ಮೀರಿದ ರಕ್ತಸ್ರಾವ, ಶಾಲೆ ತಪ್ಪಿಸುವಷ್ಟು ನೋವು ಇದ್ದರೆ ವೈದ್ಯರಿಗೆ ತೋರಿಸಬೇಕು. ಹುಡುಗರಿಗೆ ನಿದ್ರೆಯಲ್ಲಿ ಆಗುವ ಸ್ಖಲನ ರೋಗವೂ ಅಲ್ಲ, ಪಾಪವೂ ಅಲ್ಲ. ಇದನ್ನು ತಿಳಿಯದೆ ಗೋಡೆಯ ಮೇಲಿನ ‘ಗುಪ್ತರೋಗ’ ಜಾಹೀರಾತಿನ ವೈದ್ಯರ ಬಳಿ ಹಣ ಸುರಿಯುವವರು ಇದ್ದಾರೆ. ರಕ್ತಹೀನತೆಯನ್ನೂ ಮರೆಯಬಾರದು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ.

ಶಾಲೆ ಹೇಳುತ್ತದಲ್ಲ ಎನ್ನಬಹುದು. ಸಂತಾನೋತ್ಪತ್ತಿಯ ಪಾಠ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದೆ. ಹನ್ನೆರಡರಲ್ಲಿ ಋತುಮತಿಯಾದ ಹುಡುಗಿಗೆ ಆ ಪಾಠ ಮೂರು ವರ್ಷ ತಡವಾಗಿ ಬರುತ್ತದೆ. ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಹಲವು ರಾಜ್ಯಗಳು ತಡೆಯೊಡ್ಡಿದವು, ಅವುಗಳಲ್ಲಿ ಕರ್ನಾಟಕವೂ ಒಂದು. ಚಿತ್ರಗಳು ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬುದು ಆಕ್ಷೇಪ. ಚಿತ್ರ ತಿದ್ದಬಹುದಿತ್ತು, ಪಾಠವನ್ನೇ ಬಿಟ್ಟದ್ದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಲೈಂಗಿಕ ಶಿಕ್ಷಣ ಒಂಬತ್ತನೇ ತರಗತಿಗೆ ಕಾಯದೆ ಇನ್ನೂ ಎಳೆಯ ವಯಸ್ಸಿನಲ್ಲೇ ಆರಂಭವಾಗಬೇಕೆಂದು ಹೇಳಿತು.

ತಿಳಿಯದಿರುವುದರ ಬೆಲೆ ಆರೋಗ್ಯದಲ್ಲಷ್ಟೇ ಅಲ್ಲ, ಕಾನೂನಿನಲ್ಲೂ ತೆರಬೇಕಾಗುತ್ತದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯಂತೆ 18 ತುಂಬದವರೆಲ್ಲರೂ ಮಕ್ಕಳೇ, ಅವರ ಒಪ್ಪಿಗೆಗೆ ಬೆಲೆಯಿಲ್ಲ. ಪ್ರೀತಿಯೆಂದು ಹೊರಟ ಹುಡುಗನ ಮೇಲೂ ಮೊಕದ್ದಮೆ ಬೀಳುತ್ತದೆ. ಬ್ಯಾಗ್ ತಪಾಸಣೆ ನಡೆದ ಅದೇ 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥದ್ದೇ ಒಂದು ಪ್ರಕರಣದಲ್ಲಿ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ಅರಿವು ಮೂಡಿಸಬೇಕೆಂದು ಸರ್ಕಾರಕ್ಕೆ ಸೂಚಿಸಿತು. ಕ್ರೈಸ್ತ ಶಿಕ್ಷಣದ ಶಿಕ್ಷಕರೂ ವಾಳೆಯ ಗುರಿಕಾರರೂ ಇನ್ನೊಂದು ವಿಷಯ ತಿಳಿದಿರಬೇಕು. ಮಗುವಿನ ಮೇಲೆ ದೌರ್ಜನ್ಯವಾದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಅದೇ ಅಪರಾಧ. ‘ಮನೆ ಮರ್ಯಾದೆ’ ಎಂದು ರಾಜಿ ಮಾಡಿಸಲು ಯಾರಿಗೂ ಅಧಿಕಾರವಿಲ್ಲ. ಎಲ್ಲಿ ಮುಟ್ಟಿದರೆಂದು ಹೇಳಲು ಪದವೇ ಗೊತ್ತಿರದ ಮಗು ದೂರನ್ನಾದರೂ ಹೇಗೆ ಹೇಳೀತು?

ಧರ್ಮಸಭೆ ಇದನ್ನು ವಿರೋಧಿಸುತ್ತದೆ ಎಂಬ ಭಾವನೆ ನಮ್ಮವರಲ್ಲೂ ಇದೆ. ವಾಸ್ತವ ಹಾಗಿಲ್ಲ. ವಯಸ್ಸಿಗೆ ತಕ್ಕ ಲೈಂಗಿಕ ಶಿಕ್ಷಣ ಬೇಕೆಂಬುದನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಹೇಳಿದೆ. 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಮೊದಲಿಗೆ ಹೆತ್ತವರ ಹಕ್ಕು ಮತ್ತು ಕರ್ತವ್ಯವೆಂದರು. ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತೀಸಿಯಾ’ದಲ್ಲಿ ಇದಕ್ಕೆಂದೇ ಒಂದು ಭಾಗ ಮೀಸಲಿಟ್ಟರು. ಗರ್ಭನಿರೋಧಕಗಳ ವಿಷಯದಲ್ಲಿ ನಮ್ಮ ನಿಲುವು ಬೇರೆ ಇದೆ, ನಿಜ. ಆ ಒಂದು ಭಿನ್ನಾಭಿಪ್ರಾಯಕ್ಕಾಗಿ ಮುಟ್ಟು, ಮೈ, ಮರ್ಯಾದೆ ಇವುಗಳ ಮಾತನ್ನೆಲ್ಲ ಮೊಬೈಲಿಗೆ ಒಪ್ಪಿಸಿ ಕೂರಬೇಕೇ?

ಧರ್ಮಕೇಂದ್ರಗಳಲ್ಲಿ ಮಾಡಬಹುದಾದದ್ದು ಸರಳವಾಗಿದೆ. ಮೊದಲ ಸಭೆ ಹೆತ್ತವರಿಗೆ, ತಂದೆಯರೂ ಬರಲೇಬೇಕು. ಮಕ್ಕಳಿಗೆ ಐದನೇ, ಆರನೇ ತರಗತಿಯಲ್ಲೇ ಆರಂಭಿಸಿ, ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕವಾಗಿ. ಧರ್ಮಗುರುವೇ ಎದ್ದು ನಿಂತು ಭಾಷಣ ಮಾಡಿದರೆ ಮಕ್ಕಳು ನೆಲ ನೋಡುತ್ತಾರೆ. ಆದ್ದರಿಂದ ಧರ್ಮಕೇಂದ್ರದಲ್ಲಿರುವ ನರ್ಸ್ ಅಥವಾ ವೈದ್ಯರನ್ನು ಕರೆಯಿರಿ. ಹೆಸರಿಲ್ಲದ ಚೀಟಿ ಹಾಕಲು ಒಂದು ಪೆಟ್ಟಿಗೆ ಇಡಿ. ಬಾಯಿಬಿಟ್ಟು ಕೇಳದ ಮಕ್ಕಳು ಬರೆದು ಕೇಳುತ್ತಾರೆ.

ಬೆಂಗಳೂರಿನಲ್ಲಿರುವ ನಮ್ಮವರಿಗೆ ಒಂದು ಮಾತು. ಹದಿಹರೆಯದವರ ಸಲಹೆಗೆಂದೇ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ, ಹತ್ತಿರದ್ದು ಎಲ್ಲಿದೆಯೆಂದು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು. ಶಿವಾಜಿನಗರದಲ್ಲಿ ಬೌರಿಂಗ್ ಮತ್ತು ಘೋಷಾ ಆಸ್ಪತ್ರೆಗಳಿವೆ, ಕೆ.ಆರ್. ಪುರಂನಲ್ಲೂ ಸಾರ್ವಜನಿಕ ಆಸ್ಪತ್ರೆಯಿದೆ. ತೊಂದರೆಯಲ್ಲಿರುವ ಮಗು ತಾನೇ ಕರೆ ಮಾಡಬಹುದಾದ ಸಂಖ್ಯೆ 1098. ಕ್ರೈಸ್ತ ಶಿಕ್ಷಣದ ಕೊಠಡಿಯ ಗೋಡೆಯಲ್ಲಿ, ಮಕ್ಕಳ ಕಣ್ಣಿಗೆ ಬೀಳುವಷ್ಟು ಕೆಳಗೆ, ಅದನ್ನು ದೊಡ್ಡದಾಗಿ ಬರೆಸಿಡಿ.