ನುಚ್ಚಾಗಬೇಕು, ಹಿಟ್ಟಾಗಬಾರದು: ಹೊಸ ಮಾಲ್ಟ್ ಗಿರಣಿಯ ಪೂರ್ವಸಿದ್ಧತೆ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವುದು ಇಂದು ಲಕ್ಷಾಂತರ ಜನರ ಹವ್ಯಾಸವಾಗಿದೆ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಮಸೂದೆ ಇದಕ್ಕೆ ದಾರಿ ತೆರೆಯಿತು. ಅದರಂತೆ ಒಬ್ಬ ವಯಸ್ಕನಿರುವ ಮನೆಯವರು ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯವರು 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು, ಆದರೆ ಮಾರುವಂತಿಲ್ಲ. ಅಲಬಾಮಾ ಹಾಗೂ ಮಿಸಿಸಿಪ್ಪಿ ರಾಜ್ಯಗಳು 2013ರಲ್ಲಿ ಒಪ್ಪಿಗೆ ನೀಡಿದ ನಂತರ ಈ ಹವ್ಯಾಸ ಎಲ್ಲ 50 ರಾಜ್ಯಗಳಲ್ಲೂ ಕಾನೂನುಬದ್ಧವಾಯಿತು.

ಈ ಹವ್ಯಾಸದಲ್ಲಿ ತುಸು ಪಳಗಿದವರು ಸಾಮಾನ್ಯವಾಗಿ ಕೊಳ್ಳುವ ಸಾಧನವೆಂದರೆ ಮಾಲ್ಟ್ ಒಡೆಯುವ ಪುಟ್ಟ ಗಿರಣಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಇಡಿಯಾದ ಕಾಳು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಒಡೆದ ಕಾಳು ತೇವವನ್ನು ಹೀರಿ ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಬೇಕಾದಾಗ ಬೇಕಾದಷ್ಟನ್ನೇ ಒಡೆದುಕೊಳ್ಳಲು ಸ್ವಂತ ಗಿರಣಿ ಅನುಕೂಲ. ಆದರೆ ಅಂಗಡಿಯಿಂದ ತಂದ ಗಿರಣಿಗೆ ನೇರವಾಗಿ ಕಾಳು ಸುರಿಯುವುದು ಸಲ್ಲದು.

ಒಡೆಯುವುದೇಕೆ?

ಹಿಟ್ಟಿನ ಗಿರಣಿಗೂ ಮಾಲ್ಟ್ ಗಿರಣಿಗೂ ಮೂಲಭೂತ ವ್ಯತ್ಯಾಸವಿದೆ. ಮಾಲ್ಟ್ ಗಿರಣಿಯಲ್ಲಿ ಕಲ್ಲುಗಳ ಬದಲು ಗೀರುಗಳಿರುವ ಎರಡು ಉಕ್ಕಿನ ರೋಲರ್‌ಗಳಿರುತ್ತವೆ. ಕಾಳಿನ ಒಳಗಿನ ತಿರುಳು ನುಚ್ಚಾಗಬೇಕು, ಹೊರಗಿನ ಸಿಪ್ಪೆ ಆದಷ್ಟೂ ಇಡಿಯಾಗಿ ಉಳಿಯಬೇಕು. ನುಚ್ಚನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ನೆನೆಸಿದಾಗ ಕಾಳಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಮಾರ್ಪಡಿಸುತ್ತವೆ. ಆನಂತರ ಆ ಸಿಹಿ ದ್ರವವನ್ನು ಬಸಿಯುವಾಗ ಸಿಪ್ಪೆಯ ಪದರವೇ ಸೋಸುವ ಜರಡಿಯಾಗುತ್ತದೆ. ಕಾಳು ಒಡೆಯದಿದ್ದರೆ ಸಕ್ಕರೆ ಸಿಗದು. ಹಿಟ್ಟಾದರೆ ಪಾತ್ರೆಯಲ್ಲಿರುವುದೆಲ್ಲ ಅಂಟುಗಂಜಿಯಾಗಿ ದ್ರವ ಹರಿಯುವುದೇ ನಿಂತುಹೋಗುತ್ತದೆ. ಸುಮಾರು 20 ಲೀಟರ್ ಬಿಯರಿಗೆ ಬೇಕಾಗುವ ನಾಲ್ಕೈದು ಕಿಲೋ ಕಾಳೂ ದಿನವಿಡೀ ಪಟ್ಟ ಶ್ರಮವೂ ಆಗ ವ್ಯರ್ಥವಾಗಬಹುದು.

ಮೊದಲು ಶುಚಿ

ಕಾರ್ಖಾನೆಯಿಂದ ಬರುವ ರೋಲರ್‌ಗಳಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುವುದುಂಟು. ಗೀರುಗಳ ಸಂದಿಯಲ್ಲಿ ಲೋಹದ ಸಣ್ಣ ಪುಡಿಯೂ ಉಳಿದಿರಬಹುದು. ಇವೆರಡೂ ಆಹಾರಕ್ಕೆ ಸೇರಬಾರದು. ಹಾಗೆಂದು ಗಿರಣಿಯನ್ನು ನೀರಿನಲ್ಲಿ ತೊಳೆಯಬಾರದು; ಸಾದಾ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಗಟ್ಟಿ ಬ್ರಷ್‌ನಿಂದ ಗೀರುಗಳನ್ನು ಉಜ್ಜುವುದು ಸರಿಯಾದ ಕ್ರಮ.

ಬಳಿಕ ಅರ್ಧ ಅಥವಾ ಒಂದು ಕಿಲೋ ಅಗ್ಗದ ಮಾಲ್ಟನ್ನು ಗಿರಣಿಯಲ್ಲಿ ಹಾಯಿಸಿ ಎಸೆಯಬೇಕು. ಅದನ್ನು ಪಶುಗಳಿಗೂ ಹಾಕಬಾರದು. ನುಚ್ಚಿನಲ್ಲಿ ಕಪ್ಪು ಕಲೆ ಕಾಣುವಷ್ಟು ಕಾಲ ಇದನ್ನು ಪುನರಾವರ್ತಿಸಬೇಕು. ಹೊಸ ರುಬ್ಬುವ ಕಲ್ಲಿನಲ್ಲಿ ಮೊದಲು ಅಕ್ಕಿಯನ್ನೋ ತೌಡನ್ನೋ ರುಬ್ಬಿ ಚೆಲ್ಲುವ ನಮ್ಮ ಮನೆಗಳ ಪದ್ಧತಿಯ ಹಿಂದಿರುವ ತರ್ಕವೂ ಇದೇ.

ಕೂದಲೆಳೆಯ ಲೆಕ್ಕ

ಮುಂದಿನ ಹೆಜ್ಜೆ ರೋಲರ್‌ಗಳ ನಡುವಿನ ಅಂತರವನ್ನು ಹೊಂದಿಸುವುದು. ಬಾರ್ಲಿಗೆ ಸುಮಾರು 1 ಮಿಲಿಮೀಟರ್ ಅಂತರದಿಂದ ಆರಂಭಿಸುವುದು ರೂಢಿ. ಅಳೆಯಲು ವಾಹನ ದುರಸ್ತಿಗಾರರು ಬಳಸುವ ಫೀಲರ್ ಗೇಜ್ ಸಾಕು. ಅದಿಲ್ಲದಿದ್ದರೆ ಹಳೆಯ ಎಟಿಎಂ ಕಾರ್ಡ್ ನೆರವಾಗುತ್ತದೆ. ಅದರ ದಪ್ಪ ಸುಮಾರು 0.76 ಮಿಲಿಮೀಟರ್. ಅಂತರವನ್ನು ಎರಡೂ ತುದಿಗಳಲ್ಲಿ ಅಳೆಯಬೇಕು. ಒಂದು ತುದಿ ಅಗಲ, ಇನ್ನೊಂದು ಕಿರಿದಾದರೆ ಒಂದೆಡೆ ಇಡಿ ಕಾಳು, ಇನ್ನೊಂದೆಡೆ ಹಿಟ್ಟು ಬೀಳುತ್ತದೆ.

ಆದರೆ ಕೊನೆಯ ತೀರ್ಪು ಅಳತೆಪಟ್ಟಿಯದಲ್ಲ, ಕಣ್ಣಿನದು. ಒಂದು ಹಿಡಿ ಕಾಳನ್ನು ಒಡೆದು ಬಿಳಿ ಹಾಳೆಯ ಮೇಲೆ ಹರಡಿ ನೋಡಬೇಕು. ಇಡಿ ಕಾಳುಗಳು ಉಳಿದಿದ್ದರೆ ಅಂತರವನ್ನು 0.1 ಮಿಲಿಮೀಟರಿನಷ್ಟು ತಗ್ಗಿಸಬೇಕು. ಸಿಪ್ಪೆ ಚೂರಾಗಿ ಹಿಟ್ಟು ಹೆಚ್ಚಿದ್ದರೆ ಅಷ್ಟೇ ಹಿಗ್ಗಿಸಬೇಕು. ಸರಿಯಾದ ಅಂತರ ಸಿಕ್ಕೊಡನೆ ತಿರುಪನ್ನು ಬಿಗಿಮಾಡಿ ಆ ಅಳತೆಯನ್ನು ಬರೆದಿಡುವುದು ಜಾಣತನ. ಗೋಧಿಗೆ ಸಿಪ್ಪೆಯಿಲ್ಲ, ಕಾಳೂ ಚಿಕ್ಕದು. ಅದಕ್ಕೆ ಅಂತರ ಇನ್ನೂ ಕಿರಿದಾಗಿರಬೇಕು.

ಕೈಗೆ, ಮೂಗಿಗೆ ಎಚ್ಚರ

ಹಲವರು ಕೈಹಿಡಿಯ ಬದಲು ಡ್ರಿಲ್ ಯಂತ್ರವನ್ನು ಜೋಡಿಸುತ್ತಾರೆ. ವೇಗ ಹೆಚ್ಚಿದಷ್ಟೂ ಸಿಪ್ಪೆ ಹರಿಯುತ್ತದೆ. ನಿಮಿಷಕ್ಕೆ 150ರಿಂದ 200 ಸುತ್ತು ಸಾಕು. ತಿರುಗುವ ರೋಲರ್‌ಗಳ ಬಳಿ ಬೆರಳಾಗಲಿ, ಸಡಿಲ ಬಟ್ಟೆಯಾಗಲಿ ಸುಳಿಯಬಾರದು. ಸಿಕ್ಕಿಕೊಂಡ ಕಾಳನ್ನು ವಿದ್ಯುತ್ ಸಂಪರ್ಕ ತಪ್ಪಿಸಿದ ನಂತರವೇ ತೆಗೆಯಬೇಕು. ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮುಖಗವಸು ಅಗತ್ಯ. ಕಾಳಿನ ಮೇಲೆ ಸಹಜವಾಗಿಯೇ ಇರುವ, ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಧೂಳಿನೊಂದಿಗೆ ಹಾರಿ ತಣಿದ ಬಿಯರನ್ನು ಕೆಡಿಸಬಲ್ಲವು. ಹೀಗಾಗಿ ಗಿರಣಿಯ ಜಾಗ ಹುದುಗಿಸುವ ಕೋಣೆಯಿಂದ ದೂರವಿರಬೇಕು. ಕೆಲಸ ಮುಗಿದ ಮೇಲೆ ಉಳಿದ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯದಿದ್ದರೆ ನುಸಿ, ಇಲಿಗಳಿಗೆ ಆಹ್ವಾನವಿತ್ತಂತೆ.

ಕರ್ನಾಟಕದ ಓದುಗರು ಒಂದು ಸಂಗತಿಯನ್ನು ಮರೆಯುವಂತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಶಿಕ್ಷಾರ್ಹ ಅಪರಾಧ. ಇಲ್ಲಿ ಈ ವಿದ್ಯೆಗೆ ಅವಕಾಶವಿರುವುದು ಬೆಂಗಳೂರಿನಂಥ ನಗರಗಳ ಪರವಾನಗಿ ಪಡೆದ ಕಿರು ಬಿಯರ್ ತಯಾರಿಕಾ ಘಟಕಗಳಲ್ಲಿ ಮಾತ್ರ. ಗಾಜಿನ ಗೋಡೆಯಾಚೆ ಹೊಳೆಯುವ ಅಲ್ಲಿನ ದೊಡ್ಡ ಪಾತ್ರೆಗಳಿಗೂ ಮನೆಯ ಪುಟ್ಟ ಗಿರಣಿಗೂ ಅನ್ವಯಿಸುವ ನಿಯಮ ಒಂದೇ: ತಿರುಳು ಒಡೆಯಬೇಕು, ಸಿಪ್ಪೆ ಉಳಿಯಬೇಕು.