ಆಪರೇಷನ್ ಆದವರನ್ನು ಹಾಸಿಗೆಯಿಂದ ಹಾಸಿಗೆಗೆ ಯಾಕೆ ಸಾಗಿಸುತ್ತಾರೆ?

ಪ್ರಶ್ನೆ: ಹೃದಯದ ಆಪರೇಷನ್ ಆದವರನ್ನು ಐಸಿಯುವಿನಿಂದ ಇನ್ನೊಂದು ಕೋಣೆಗೆ, ಅಲ್ಲಿಂದ ವಾರ್ಡಿಗೆ ಕಳಿಸುತ್ತಾರೆ. ಒಂದೇ ಕಡೆ ಇಟ್ಟರೆ ಆಗದೇ?
– ಓದುಗರೊಬ್ಬರು, ಕಿಬ್ಬನಹಳ್ಳಿ

ಆಗುತ್ತದೆ. ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಆಪರೇಷನ್ ಥಿಯೇಟರಿನಿಂದ ಬಂದ ರೋಗಿ ಡಿಸ್ಚಾರ್ಜ್ ಆಗುವವರೆಗೂ ಅದೇ ಹಾಸಿಗೆಯಲ್ಲಿರುತ್ತಾರೆ. ಬದಲಾಗುವುದು ಆರೈಕೆ ಮಾತ್ರ: ಮೊದಲ ದಿನ ಒಬ್ಬ ರೋಗಿಗೆ ಒಬ್ಬ ನರ್ಸ್, ಚೇತರಿಸಿಕೊಂಡಂತೆ ಅದೇ ನರ್ಸಿಗೆ ಮೂರ್ನಾಲ್ಕು ರೋಗಿಗಳು.

ಇದಕ್ಕೊಂದು ಗಟ್ಟಿ ಕಾರಣವಿದೆ. ಬೈಪಾಸ್ ಆದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಹೃದಯದ ಬಡಿತ ತಾಳ ತಪ್ಪುತ್ತದೆ. ಅದು ಹೆಚ್ಚಾಗಿ ಕಾಣಿಸುವುದು ಎರಡು, ಮೂರನೇ ದಿನ. ಐಸಿಯು ಬಿಡಿಸುವ ಸಮಯವೂ ಸರಿಸುಮಾರು ಅದೇ! ಹೊಸ ಜಾಗ, ಹೊಸ ಮುಖಗಳಿಂದ ವಯಸ್ಸಾದವರಿಗೆ ಗಲಿಬಿಲಿಯೂ ಹೆಚ್ಚು. ಪ್ರತಿ ಹಸ್ತಾಂತರದಲ್ಲೂ ಒಂದು ಔಷಧಿಯೋ ಸೂಚನೆಯೋ ಬಿಟ್ಟುಹೋಗುವ ಭಯ ಇದ್ದೇ ಇದೆ.

ಹಾಗಿದ್ದರೆ ಇಲ್ಲೇಕಿಲ್ಲ? ಖರ್ಚು. ಪ್ರತಿ ಕೋಣೆಗೂ ವೆಂಟಿಲೇಟರ್, ಮಾನಿಟರ್ ಬೇಕು; ಪ್ರತಿ ನರ್ಸಿಗೂ ಐಸಿಯು ತರಬೇತಿ ಬೇಕು. ಬೆಂಗಳೂರಿನ ಜಯದೇವದಂಥ ಸರ್ಕಾರಿ ಹೃದ್ರೋಗ ಆಸ್ಪತ್ರೆಯ ಜನಸಂದಣಿಯಲ್ಲಿ ದುಬಾರಿ ಹಾಸಿಗೆ ಬೇಗ ಖಾಲಿಯಾದರಷ್ಟೇ ಮುಂದಿನವರಿಗೆ ಆಪರೇಷನ್. ಬಡವರ ಸರದಿ ನೋಡಿದರೆ ಈ ಲೆಕ್ಕವನ್ನು ತಪ್ಪೆನ್ನಲಾಗದು.

ಹೃದಯ ಶಸ್ತ್ರಚಿಕಿತ್ಸಕ ದೇವಿ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ಆಸ್ಪತ್ರೆಗಳ ಸಮೂಹ ಬೇರೊಂದು ದಾರಿ ಹಿಡಿಯಿತು. ನೂರಾ ಹೆಲ್ತ್ ಸಂಸ್ಥೆಯ ಜೊತೆಗೂಡಿ, ರೋಗಿಯ ಮನೆಯವರಿಗೇ ಆರೈಕೆಯ ಪಾಠ ಹೇಳಿಕೊಟ್ಟಿತು. ಹಾಸಿಗೆ ಯಾವುದೇ ಇರಲಿ, ಜೊತೆಗಿರುವವರು ಬದಲಾಗುವುದಿಲ್ಲವಲ್ಲ! ಆಪರೇಷನ್ನಿಗಾಗಿ ಕೊಯ್ದು ತಂತಿ ಬಿಗಿದ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು; ಅಲ್ಲಿಯವರೆಗೆ ಕಾಯಿ ಸುಲಿಯುವುದು, ಕೊಬ್ಬರಿ ಮೂಟೆ ಎತ್ತುವುದು ಬೇಡವೆಂದು ತಡೆಯಬೇಕಾದವರೂ ಅವರೇ.