ಸರದಿಗಾಗಿ ಕಾದ ಎಲ್‌ಸ್ಟನ್ ಹೋವರ್ಡ್

1967ನೆಯ ಇಸವಿ ಆಗಸ್ಟ್ 27. ಅಮೆರಿಕದ ಷಿಕಾಗೋ ನಗರದ ಕಾಮಿಸ್ಕಿ ಪಾರ್ಕ್ ಮೈದಾನ. ಬೇಸ್‌ಬಾಲ್ ಪಂದ್ಯವು ಒಂಬತ್ತನೆಯ, ಅಂದರೆ ಕಟ್ಟಕಡೆಯ ಸರದಿಯನ್ನು ಮುಟ್ಟಿದೆ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಗಳಿಕೆ ನಾಲ್ಕು; ಷಿಕಾಗೋ ವೈಟ್ ಸಾಕ್ಸ್ ತಂಡದ್ದು ಮೂರು. ಷಿಕಾಗೋದ ಕೆನ್ ಬೆರಿ ಮೂರನೆಯ ಬೇಸಿನಲ್ಲಿ ತುದಿಗಾಲಿನ ಮೇಲೆ ನಿಂತಿದ್ದಾನೆ. ಆತ ಓಡಿಬಂದು ಹೋಮ್ ಪ್ಲೇಟನ್ನು ಮುಟ್ಟಿದರೆ ಗಳಿಕೆ ಸಮಸಮ. ಚೆಂಡು ಬಲಭಾಗದ ಮೈದಾನಕ್ಕೆ ಹಾರಿತು. ಅಲ್ಲಿದ್ದ ಹೋಸೆ ಟಾರ್ಟಬುಲ್ ಅದನ್ನು ಹಿಡಿದೊಡನೆ ಬೆರಿ ಬಾಣದಂತೆ ಹೊರಟ. ಟಾರ್ಟಬುಲ್ಲನ ತೋಳಿನಲ್ಲಿ ಬಲ ಕಡಿಮೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಆತನ ಎಸೆತ ಎತ್ತರವಾಗಿಯೇ ಬಂದಿತು. ಬಾಸ್ಟನ್ನಿನ ಕ್ಯಾಚರ್ ಮೇಲಕ್ಕೆ ಜಿಗಿದು, ಒಂದೇ ಕೈಯಲ್ಲಿ ಚೆಂಡನ್ನು ಹಿಡಿದು, ಕೆಳಗಿಳಿಯುತ್ತ ಎಡಗಾಲಿನಿಂದ ದಾರಿಗಟ್ಟಿ, ಧೂಳೆಬ್ಬಿಸುತ್ತ ಜಾರಿಬಂದ ಬೆರಿಯ ಮೈಗೆ ಚೆಂಡನ್ನು ಮುಟ್ಟಿಸಿದ. ಬೆರಿ ಔಟ್! ಪಂದ್ಯ ಮುಗಿದಿತ್ತು.

ಆ ಕ್ಯಾಚರನೇ ಎಲ್‌ಸ್ಟನ್ ಹೋವರ್ಡ್. ಅಂದು ಆತನಿಗೆ 38 ವರ್ಷ. ಬಾಸ್ಟನ್ ಸೇರಿ ತಿಂಗಳೂ ತುಂಬಿರಲಿಲ್ಲ. ಅದಕ್ಕೆ ಮುಂಚಿನ ಹದಿಮೂರು ಋತುಗಳನ್ನು ಆತ ಸವೆಸಿದ್ದುದು ಬಾಸ್ಟನ್ನಿನ ಬದ್ಧವೈರಿಯಾದ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ.

ಕ್ರಿಕೆಟ್ ಬಲ್ಲವರಿಗೆ ಕ್ಯಾಚರನೆಂದರೆ ವಿಕೆಟ್ ಕೀಪರನ ನೆನಪಾಗುವುದು ಸಹಜ. ಆದರೆ ಕ್ಯಾಚರನ ಹೊಣೆ ಅದಕ್ಕಿಂತ ಭಾರವಾದುದು. ಮುಖಕ್ಕೆ ಕಂಬಿಯ ಮುಖವಾಡ, ಎದೆಗೆ ಮೆತ್ತೆ, ಮೊಣಕಾಲಿಗೆ ಕವಚ ತೊಟ್ಟು ಆತ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕುರುಗಾಲಿನಲ್ಲಿ ಕೂರುತ್ತಾನೆ. ಚೆಂಡೆಸೆಯುವ ಪಿಚರನಿಗೆ ಯಾವ ಎಸೆತ ಬೇಕೆಂಬುದನ್ನು ಬೆರಳ ಸನ್ನೆಯಿಂದ ಸೂಚಿಸುವವನು ಆತನೇ. ಕ್ಷೇತ್ರರಕ್ಷಣೆಯ ಒಂಬತ್ತು ಮಂದಿಯಲ್ಲಿ ಇಡೀ ಮೈದಾನವನ್ನು ಎದುರಿಗೆ ಇಟ್ಟುಕೊಂಡು ಆಡುವವನು ಕ್ಯಾಚರನೊಬ್ಬನೇ. ಆದ್ದರಿಂದಲೇ ಆಟದಿಂದ ನಿವೃತ್ತರಾದ ಕ್ಯಾಚರುಗಳನ್ನು ಕೋಚ್‌ಗಳನ್ನಾಗಿಯೂ, ತಂಡವನ್ನು ನಡೆಸುವ ಮ್ಯಾನೇಜರುಗಳನ್ನಾಗಿಯೂ ನೇಮಿಸುವ ವಾಡಿಕೆ ಆ ದೇಶದಲ್ಲಿ ಬೆಳೆದುಬಂದಿದೆ. ಹೋವರ್ಡನ ಬಾಳಿನ ಹೆಮ್ಮೆಯೂ ನೋವೂ ಈ ವಾಡಿಕೆಗೇ ತೊಡರಿಕೊಂಡಿವೆ.

ಹೋವರ್ಡ್ ಜನಿಸಿದ್ದು 1929ರ ಫೆಬ್ರವರಿ 23ರಂದು, ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ. ವ್ಯಾಷನ್ ಹೈಸ್ಕೂಲಿನಲ್ಲಿ ಓದುವಾಗಲೇ ಹಲವು ಆಟಗಳಲ್ಲಿ ಹೆಸರು ಮಾಡಿದ ಹುಡುಗನನ್ನು ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನ ಕೊಟ್ಟು ಕರೆದವು. ಆತ ಬೇಸ್‌ಬಾಲನ್ನೇ ವೃತ್ತಿಯಾಗಿ ಆರಿಸಿಕೊಂಡ. 1948ರಲ್ಲಿ, ಕಪ್ಪು ಜನಾಂಗದ ಆಟಗಾರರಿಗಾಗಿಯೇ ಇದ್ದ ನೀಗ್ರೋ ಅಮೆರಿಕನ್ ಲೀಗಿನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಸೇರಿದ. ಅಲ್ಲಿ ಆತನನ್ನು ತಿದ್ದಿದವನು ಮ್ಯಾನೇಜರ್ ಬಕ್ ಓನೀಲ್. 1950ರ ಜುಲೈ ತಿಂಗಳಿನಲ್ಲಿ ಯಾಂಕೀಸ್ ಸಂಸ್ಥೆ ಆತನ ಕರಾರನ್ನು ಕೊಂಡುಕೊಂಡಿತು.

ಕೊಂಡುಕೊಂಡಿತೇನೋ ನಿಜ, ಆದರೆ ಬಾಗಿಲು ತೆರೆಯಲಿಲ್ಲ. ಜ್ಯಾಕಿ ರಾಬಿನ್‌ಸನ್ 1947ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆಡಿ ವರ್ಣಭೇದದ ಗೋಡೆಯನ್ನು ಒಡೆದಿದ್ದ. ದೇಶದ ಹದಿನಾರು ದೊಡ್ಡ ತಂಡಗಳು ಒಂದರ ಹಿಂದೊಂದರಂತೆ ಆ ದಾರಿ ಹಿಡಿದವು. ಎಲ್ಲಕ್ಕಿಂತ ಸಿರಿವಂತ ತಂಡವೆನಿಸಿದ್ದ ಯಾಂಕೀಸ್ ಮಾತ್ರ ಮೀನಮೇಷ ಎಣಿಸುತ್ತಲೇ ಇತ್ತು. ಅದರ ಕೈಕೆಳಗಿದ್ದ ವಿಕ್ ಪವರ್ ಎಂಬ ಕಪ್ಪು ವರ್ಣದ ಸಮರ್ಥ ಆಟಗಾರನನ್ನು 1953ರ ಕೊನೆಯಲ್ಲಿ ಬೇರೊಂದು ತಂಡಕ್ಕೆ ಸಾಗಹಾಕಲಾಯಿತು. ಹೋವರ್ಡನ ಎರಡು ವರ್ಷಗಳು ಸೈನ್ಯದ ಸೇವೆಯಲ್ಲಿ ಕಳೆದುಹೋದವು. ಮತ್ತೆರಡು ವರ್ಷಗಳು ಕೆಳದರ್ಜೆಯ ಲೀಗುಗಳಲ್ಲಿ ಸಂದವು.

1954ರಲ್ಲಿ ಆತನಿಗೊಂದು ವಿಚಿತ್ರ ಆಜ್ಞೆ ದೊರೆಯಿತು: ಮೈದಾನದ ಅಂಚಿನಲ್ಲಿ ಆಡುತ್ತಿದ್ದವನು ಇನ್ನು ಮುಂದೆ ಕ್ಯಾಚರನಾಗಬೇಕು. ಯಾಂಕೀಸ್ ತಂಡದ ಕ್ಯಾಚರ್ ಸ್ಥಾನದಲ್ಲಿ ಆಗ ಇದ್ದವನಾದರೂ ಯಾರು? ಲೀಗಿನ ಅತ್ಯುತ್ತಮ ಆಟಗಾರನೆಂದು ಒಟ್ಟು ಮೂರು ಬಾರಿ ಆರಿಸಲ್ಪಡಲಿದ್ದ ಯೋಗಿ ಬೆರಾ! ಕಪ್ಪು ಆಟಗಾರನನ್ನು ಇನ್ನಷ್ಟು ಕಾಲ ಹೊರಗಿಡಲು ಇದೊಂದು ಉಪಾಯವೆಂದು ಹಲವರು ಆಕ್ಷೇಪಿಸಿದರು. ಹೋವರ್ಡ್ ತುಟಿಪಿಟಕ್ಕೆನ್ನದೆ ಮುಖವಾಡ ಧರಿಸಿದ. ಯಾಂಕೀಸ್ ತಂಡದ ಹಿಂದಿನ ಮಹಾನ್ ಕ್ಯಾಚರ್ ಬಿಲ್ ಡಿಕ್ಕಿ ಆತನ ಗುರುವಾದ. 1949ರಲ್ಲಿ ಬೆರಾನಿಗೆ ಪಾಠ ಹೇಳಿದವನೂ ಇದೇ ಡಿಕ್ಕಿ. ಆ ವರ್ಷ ಟೊರಾಂಟೋ ತಂಡದಲ್ಲಿ ಆಡಿದ ಹೋವರ್ಡ್ 22 ಹೋಮ್ ರನ್ ಹೊಡೆದು, ಇಂಟರ್‌ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ.

ಕೊನೆಗೂ 1955ರ ಏಪ್ರಿಲ್ 14ರಂದು ಬಾಸ್ಟನ್ನಿನ ಫೆನ್ವೇ ಪಾರ್ಕಿನಲ್ಲಿ, ಯಾಂಕೀಸ್ ತಂಡದ ಮೊದಲ ಕಪ್ಪು ಆಟಗಾರನಾಗಿ ಹೋವರ್ಡ್ ಕಣಕ್ಕಿಳಿದ. ರಾಬಿನ್‌ಸನ್ ಗೋಡೆ ಒಡೆದು ಎಂಟು ವರ್ಷಗಳಾಗಿದ್ದವು. ಹದಿನಾರು ತಂಡಗಳಲ್ಲಿ ಯಾಂಕೀಸ್ ಹದಿಮೂರನೆಯದು.

ಮೈದಾನದ ಬಾಗಿಲು ತೆರೆದರೂ ವಸತಿಗೃಹದ ಬಾಗಿಲು ತೆರೆಯಲಿಲ್ಲ. ಪ್ರತಿ ವಸಂತದಲ್ಲಿಯೂ ತಂಡದ ಅಭ್ಯಾಸ ಶಿಬಿರ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆಯುತ್ತಿತ್ತು. ಜೊತೆಗಾರರೆಲ್ಲ ಹೋಟೆಲಿನಲ್ಲಿ ಇಳಿದರೆ, ಹೋವರ್ಡ್ ಊರಿನ ಇನ್ನೊಂದು ಭಾಗದಲ್ಲಿ ಕಪ್ಪು ಜನರ ಕೇರಿಯಲ್ಲಿ ತಂಗಬೇಕಾಗಿತ್ತು. 1962ರಲ್ಲಿ ಶಿಬಿರವನ್ನು ಫೋರ್ಟ್ ಲಾಡರ್‌ಡೇಲಿಗೆ ವರ್ಗಾಯಿಸಿದ ಮೇಲೆಯೇ ಇಡೀ ತಂಡ ಒಂದೇ ಸೂರಿನಡಿ ತಂಗುವಂತಾದುದು.

ಬೆರಾ ಕ್ಯಾಚರನಾಗಿರುವವರೆಗೆ ಹೋವರ್ಡನಿಗೆ ಖಾಯಂ ಸ್ಥಾನವೆಂಬುದಿರಲಿಲ್ಲ. ಇಂದು ಎಡಭಾಗದ ಮೈದಾನ, ನಾಳೆ ಮೊದಲ ಬೇಸು, ನಾಡಿದ್ದು ಪ್ಲೇಟಿನ ಹಿಂದೆ, ಹೇಳಿದಲ್ಲಿ ಆಡಿದ. ವರ್ಷದ ಕೊನೆಯ ಮಹಾಪಂದ್ಯಮಾಲೆಯಾದ ವರ್ಲ್ಡ್ ಸೀರೀಸ್‌ನಲ್ಲಿ, 1955ರಲ್ಲಿ ತನ್ನ ಮೊತ್ತಮೊದಲ ಸರದಿಯಲ್ಲೇ ಡಾನ್ ನ್ಯೂಕೂಂಬನ ಎಸೆತಕ್ಕೆ ಹೋಮ್ ರನ್ ಬಾರಿಸಿದ. ಅದೇ ಮಾಲೆಯ ಕೊನೆಯ ಔಟ್ ಆದವನೂ ಆತನೇ. ಬ್ರೂಕ್ಲಿನ್ ಅಂದು ತನ್ನ ಪ್ರಥಮ ಕಿರೀಟವನ್ನು ಧರಿಸಿತು. 1958ರ ಮಾಲೆಯಲ್ಲಿ ಮಿಲ್ವಾಕಿ ತಂಡಕ್ಕೆ ಮೂರಕ್ಕೊಂದರಂತೆ ಸೋತಿದ್ದ ಯಾಂಕೀಸ್, ಐದನೆಯ ಪಂದ್ಯದಲ್ಲಿ ಹೋವರ್ಡ್ ನೆಲಕ್ಕೆ ಹಾರಿ ಹಿಡಿದ ಒಂದು ಕ್ಯಾಚಿನಿಂದ ಚೇತರಿಸಿಕೊಂಡು ಮಾಲೆಯನ್ನೇ ಗೆದ್ದಿತು. ಏಳನೆಯ ಪಂದ್ಯದಲ್ಲಿ ಬೆರಾನನ್ನು ಹೋಮಿಗೆ ತಲಪಿಸಿ ಮುನ್ನಡೆ ದೊರಕಿಸಿದ್ದೂ ಹೋವರ್ಡನ ಹೊಡೆತವೇ.

1961ರಲ್ಲಿ ಬೆರಾ ಎಡಭಾಗದ ಮೈದಾನಕ್ಕೆ ಸರಿದ; ಕ್ಯಾಚರನ ಸ್ಥಾನ ಹೋವರ್ಡನದಾಯಿತು. ಆತನಿಗೆ ಆಗಲೇ 32 ವರ್ಷ. ಬೇಸ್‌ಬಾಲಿನಲ್ಲಿ ಸಾವಿರ ಸರದಿಗೆ 300 ಹೊಡೆತಗಳ ಸರಾಸರಿಯಿದ್ದರೆ ಉತ್ತಮ ಬ್ಯಾಟುಗಾರನೆನ್ನುತ್ತಾರೆ. ಆ ವರ್ಷ ಹೋವರ್ಡನ ಸರಾಸರಿ 348. ತಂಡದ ತಾರೆಗಳಾದ ಮಿಕ್ಕಿ ಮ್ಯಾಂಟಲ್ ಮತ್ತು ರಾಜರ್ ಮ್ಯಾರಿಸ್ ಗಾಯಗೊಂಡು ಬಹುಕಾಲ ಹೊರಗುಳಿದ 1963ರಲ್ಲಿ, 28 ಹೋಮ್ ರನ್ ಹೊಡೆದು ತಂಡದ ಭಾರ ಹೊತ್ತವನು ಹೋವರ್ಡ್. ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಆತನಿಗೆ ಸಂದಿತು. ಇನ್ನೊಂದು ಲೀಗಾದ ನ್ಯಾಷನಲ್ ಲೀಗಿನಲ್ಲಿ 1949ರಿಂದ 1962ರವರೆಗಿನ ಹದಿನಾಲ್ಕು ಪ್ರಶಸ್ತಿಗಳಲ್ಲಿ ಹನ್ನೊಂದು ಕಪ್ಪು ಆಟಗಾರರ ಪಾಲಾಗಿದ್ದವು. ಅಮೆರಿಕನ್ ಲೀಗಿನಲ್ಲಿ ಹೋವರ್ಡನೇ ಮೊದಲಿಗ.

1967ರ ಆಗಸ್ಟ್ 3ರಂದು ಯಾಂಕೀಸ್ ಆತನನ್ನು ಬಾಸ್ಟನ್ನಿಗೆ ಕೊಟ್ಟುಬಿಟ್ಟಿತು. ಬಾಸ್ಟನ್ ಹಿಂದಿನ ವರ್ಷ ಹತ್ತು ತಂಡಗಳಲ್ಲಿ ಒಂಬತ್ತನೆಯದು. ಅಲ್ಲಿ ಹೋವರ್ಡನ ಬ್ಯಾಟು ಮಂಕಾಗಿತ್ತು. ಆದರೆ ಎಳೆಯ ಪಿಚರುಗಳಿಗೆ ದಾರಿ ತೋರುವ ಅನುಭವಿಯೊಬ್ಬ ದೊರೆತಂತಾಯಿತು. ಆ ವರ್ಷ ಬಾಸ್ಟನ್ ಲೀಗನ್ನೇ ಗೆದ್ದಿತು. 1968ರಲ್ಲಿ, 167 ಹೋಮ್ ರನ್ ಮತ್ತು ಹತ್ತು ವರ್ಲ್ಡ್ ಸೀರೀಸ್‌ಗಳ ಅನುಭವದೊಡನೆ, ಹೋವರ್ಡ್ ಆಟಕ್ಕೆ ವಿದಾಯ ಹೇಳಿದ.

ಮರುವರ್ಷವೇ ಯಾಂಕೀಸ್ ಆತನನ್ನು ಮರಳಿ ಕರೆಸಿಕೊಂಡಿತು. ಹೀಗೆ 1969ರಲ್ಲಿ ಹೋವರ್ಡ್ ಅಮೆರಿಕನ್ ಲೀಗಿನ ಮೊದಲ ಕಪ್ಪು ಕೋಚ್ ಆದ. ಮೊದಲ ಬೇಸಿನ ಪಕ್ಕದಲ್ಲಿ ನಿಂತು, ಓಟಗಾರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತಿಳಿಸುವ ಕೆಲಸ. ಹನ್ನೊಂದು ಋತುಗಳ ಕಾಲ ಆತ ಈ ಕೆಲಸ ಮಾಡಿದ. 1977 ಮತ್ತು 1978ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಾಗಲೂ ಆತ ಅಲ್ಲಿದ್ದ. 1977ರ ಜೂನ್ 18ರಂದು ಫೆನ್ವೇ ಪಾರ್ಕಿನಲ್ಲಿ, ಟೆಲಿವಿಷನ್ನಿನ ಮುಂದೆ ದೇಶವೆಲ್ಲ ನೋಡುತ್ತಿರುವಾಗಲೇ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಆಟಗಾರ ರೆಜ್ಜಿ ಜ್ಯಾಕ್ಸನ್ನನ ಮೇಲೆ ಏರಿಹೋದಾಗ, ನಡುವೆ ಬಂದು ತಡೆದವರು ಇಬ್ಬರು ಹಳೆಯ ಕ್ಯಾಚರುಗಳು, ಬೆರಾ ಮತ್ತು ಹೋವರ್ಡ್. ಆಗ ಇಬ್ಬರೂ ತಂಡದ ಕೋಚ್‌ಗಳು.

ಆದರೆ ಈ ಇಬ್ಬರ ಹಾದಿಯಲ್ಲಿ ಒಂದು ಅಂತರವಿತ್ತು. 1963ರಲ್ಲಿ ಆಟ ನಿಲ್ಲಿಸಿದ ಬೆರಾನನ್ನು 1964ರಲ್ಲೇ ಯಾಂಕೀಸ್ ಮ್ಯಾನೇಜರನನ್ನಾಗಿ ಮಾಡಿತ್ತು. ಹೋವರ್ಡನೂ ಆ ಪದವಿಯನ್ನು ಮನಸಾರೆ ಬಯಸಿದ್ದ. 1973ರಲ್ಲಿ ರಾಲ್ಫ್ ಹೌಕ್ ಬಿಟ್ಟುಹೋದ; ಬಿಲ್ ವರ್ಡನ್ ಬಂದ. ಆತ ಹೋಗಿ ಮಾರ್ಟಿನ್ ಬಂದ. ಮಾರ್ಟಿನ್ ಹೋಗಿ ಬಾಬ್ ಲೆಮನ್ ಬಂದ. ಲೆಮನ್ ಹೋಗಿ ಮತ್ತೆ ಮಾರ್ಟಿನ್ನನೇ ಬಂದ! ಕುರ್ಚಿ ತೆರವಾದಾಗಲೆಲ್ಲ ಹೋವರ್ಡ್ ಅಲ್ಲೇ, ಮೊದಲ ಬೇಸಿನ ಪಕ್ಕದಲ್ಲೇ ಇದ್ದ. 1975ರ ಋತುವಿಗೆ ಕ್ಲೀವ್‌ಲ್ಯಾಂಡ್ ತಂಡ ಫ್ರ್ಯಾಂಕ್ ರಾಬಿನ್‌ಸನ್ನನನ್ನು ಆರಿಸಿ ಮೊದಲ ಕಪ್ಪು ಮ್ಯಾನೇಜರನ ದಾಖಲೆ ಬರೆಯಿತು. ಹೋವರ್ಡನಿಗೆ ಆ ಕರೆ ಬರಲೇ ಇಲ್ಲ. ಇತರರಿಗೆಲ್ಲ “ಈಗ ಓಡು” ಎಂದು ಸನ್ನೆ ಮಾಡಿದವನಿಗೆ ಅಂಥ ಸನ್ನೆ ಮಾಡುವವರು ಯಾರೂ ಇರಲಿಲ್ಲ. ಆತನ ತಾಳ್ಮೆಯನ್ನು ಜನ ಕೊಂಡಾಡಿದರು; ಆ ತಾಳ್ಮೆಗೆ ಆತ ತೆತ್ತ ಬೆಲೆಯನ್ನು ಎಣಿಸಿದವರು ಕಡಿಮೆ.

1979ರಲ್ಲಿ ಹೃದಯದ ಸ್ನಾಯುಗಳ ಬೇನೆ ಆತನನ್ನು ಹಾಸಿಗೆಗೆ ಕೆಡವಿತು. 1980ರ ಡಿಸೆಂಬರ್ 14ರಂದು, 51ನೆಯ ವಯಸ್ಸಿನಲ್ಲಿ ಹೋವರ್ಡ್ ನ್ಯೂಯಾರ್ಕಿನಲ್ಲಿ ತೀರಿಕೊಂಡ.

1984ರ ಜುಲೈ 21ರಂದು ಯಾಂಕೀಸ್ ಸಂಸ್ಥೆ ತನ್ನ ಮೈದಾನದಲ್ಲಿ ಆತನ ಹೆಸರಿನ ಫಲಕವನ್ನಿಟ್ಟು, ಆತ ತೊಡುತ್ತಿದ್ದ 32ನೆಯ ಸಂಖ್ಯೆಯ ಅಂಗಿಯನ್ನು ಮುಂದೆ ಇನ್ನಾರೂ ತೊಡಕೂಡದೆಂದು ಸಾರಿತು. ಐದು ವರ್ಷ ಹೊಸ್ತಿಲಾಚೆ ಕಾಯಿಸಿದ್ದ ಮನೆಯೇ ಆ ಸಂಖ್ಯೆಯನ್ನು ಎಂದೆಂದಿಗೂ ಆತನಿಗಾಗಿ ಮೀಸಲಿರಿಸಿತು. ಅದನ್ನು ಕಾಣಲು ಆತನಿರಲಿಲ್ಲ.